ಕಾಡಿನಲ್ಲಿ ಕಡಲೆಕಾಯಿ ಕುಟ್ಟುವ ಅಜ್ಜಿ

ಕಾಶೇಕುರು, ಬ್ವಿಂಡಿ ಕಾಡಿನ ಅಂಚು
ಜನವರಿ 14, 1996

ಅಕ್ಕಾ,

ಮೊದಲು ಅಪ್ಪುಗೆ. ಎಡಕ್ಕೊಂದು, ಬಲಕ್ಕೊಂದು, ಮತ್ತೆ ಎಡಕ್ಕೊಂದು. ಫೆಸ್ಟೊ ಭಾವನಿಗೆ ಒಂದೇ ಸಾಕು, ಅವರ ಗಡ್ಡ ಚುಚ್ಚುತ್ತದೆ.

ಸುದ್ದಿ ಇದೆ, ಕೂತುಕೊಂಡು ಓದು. ನಮ್ಮ ಗುಂಪು ಒಪ್ಪಿಕೊಂಡಿತು! ನಾನೂ ಎನೋಕನೂ ಎರಡು ವರ್ಷದಿಂದ ದಿನ ಬೆಳಗಾದರೆ ಕಾಡಿಗೆ ಹೋಗಿ ಗೊರಿಲ್ಲಾಗಳ ಎದುರು ಕೂತು ಬರುತ್ತಿದ್ದೆವಲ್ಲ. ‘ಕೂರುವುದಕ್ಕೂ ಸಂಬಳವೇನೋ’ ಎಂದು ನೀನು ನಗುತ್ತಿದ್ದೆ. ಆ ಕೂರುವುದು ಈಗ ಫಲ ಕೊಟ್ಟಿದೆ. ಮೊದಮೊದಲು ನಮ್ಮ ವಾಸನೆ ಬಡಿದರೆ ಸಾಕು, ಬೆನ್ನು ನರೆತ ಯಜಮಾನ ಹಲ್ಲು ಕಿರಿದು ನುಗ್ಗಿ ಬರುತ್ತಿದ್ದ. ಓಡುವ ಹಾಗಿಲ್ಲ. ತಲೆ ತಗ್ಗಿಸಿ, ಪಕ್ಕಕ್ಕೆ ತಿರುಗಿ, ಸೊಪ್ಪು ಕಿತ್ತು ಬಾಯಾಡಿಸುತ್ತಾ ಕೂರಬೇಕು. ‘ನಿನ್ನನ್ನು ನೋಡಲು ಬಂದವನಲ್ಲಪ್ಪ, ನನ್ನ ಪಾಡಿಗೆ ತಿನ್ನಲು ಬಂದವನು’ ಅನ್ನುವ ಹಾಗೆ. ಹಾಗೆ ಕೂತೂ ಕೂತೂ, ದಿನಕ್ಕೊಂದು ಚೂರು ಹತ್ತಿರ ಸರಿದೂ ಸರಿದೂ, ಹೋದ ವಾರ ಯಜಮಾನ ನಮಗೆ ಬೆನ್ನು ಹಾಕಿ ಮಲಗಿ ಗೊರಕೆ ಹೊಡೆದ. ಎನೋಕ ಅತ್ತುಬಿಟ್ಟ. ನಾನು ಅಳಲಿಲ್ಲ, ಕಣ್ಣಿಗೆ ಹುಳ ಬಿದ್ದಿತ್ತು.

ಇನ್ನು ಹೊರಗಿನವರು ನೋಡಲು ಬರುತ್ತಾರೆ. ಮೊದಲ ದಿನವೇ ಒಬ್ಬ ಬಿಳಿಯ, ಸಮುದ್ರ ದಾಟಿ ಬಂದವನು, ಗೇಟಿನಲ್ಲಿ ಸೀನಿದ. ಕಾಡು ನೋಡಿಕೊಳ್ಳುವ ವಾರ್ಡನ್ ವಾಪಸು ಕಳಿಸಿದರು! ಮನುಷ್ಯರ ನೆಗಡಿ ಅವಕ್ಕೆ ಬಡಿದರೆ ಗುಂಪಿಗೆ ಗುಂಪೇ ಹೋಗಬಹುದಂತೆ. ಪಾಪ, ಆ ಮನುಷ್ಯನ ಮುಖ ನೋಡಬೇಕಿತ್ತು.

ಈಗ ನಿಜವಾದ ಸುದ್ದಿ. ಜಾಡು ಹಿಡಿಯುವ ನಾವು ಒಬ್ಬೊಬ್ಬರೂ ಮನೆಯವರಲ್ಲಿ ಒಬ್ಬರನ್ನು ಕರೆದುಕೊಂಡು ಬರಬಹುದು ಎಂದಿದ್ದಾರೆ ವಾರ್ಡನ್. ಹೆಂಡತಿ ಪೆಲೂಸಿ ‘ನನಗೆ ಬೇಡ, ಮನೆಯಲ್ಲಿ ಒಂದಿದೆ’ ಅಂದಳು. ನಾನು ನಿನ್ನ ಹೆಸರು ಬರೆಸಿದ್ದೇನೆ.

ನೆನಪಿದೆಯಾ? ನೀನು ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಕಾಡಿನಂಚಿಗೆ ಸೌದೆಗೆ ಹೋಗುತ್ತಿದ್ದಾಗ ಒಳಗಿನಿಂದ ಪೊಕ್ ಪೊಕ್ ಪೊಕ್ ಎಂದು ಸದ್ದು ಬರುತ್ತಿತ್ತು. ನಾನು ಅಳುತ್ತಿದ್ದೆ. ನೀನು ನನ್ನನ್ನು ಬೆನ್ನಿನಿಂದ ಇಳಿಸಿ, ಕಿವಿ ಮುಚ್ಚಿ, ‘ಅದ್ಯಾರೋ ಅಜ್ಜಿ ಕಣೋ, ಒರಳಲ್ಲಿ ಕಡಲೆಕಾಯಿ ಕುಟ್ತಾ ಇದ್ದಾಳೆ’ ಅನ್ನುತ್ತಿದ್ದೆ. ಗೊರಿಲ್ಲಾ ಎದೆ ಬಡಿದುಕೊಳ್ಳುವ ಸದ್ದದು, ಆದರೆ ಆಗ ನಮ್ಮೂರಿನವರು ಯಾರೂ ಆ ಅಜ್ಜಿಯನ್ನು ಕಣ್ಣಿಂದ ಕಂಡವರಲ್ಲ. ನೀನು ಸಾಯುವುದರೊಳಗೆ ಒಂದು ಸಲ ನೋಡಬೇಕು ಅನ್ನುತ್ತಿದ್ದೆಯಲ್ಲ, ಬಾ. ಜೂನ್‌ನಲ್ಲಿ ದಾರಿ ಒಣಗಿರುತ್ತದೆ.

ನಿನ್ನ ತಮ್ಮ
ಯೋವಾಸಿ


ಕಗಾಡಿ
ಫೆಬ್ರವರಿ 8, 1996

ಯೋವಾಸಿ,

ಕರ್ತನಿಗೆ ಸ್ತೋತ್ರ. ಎಡಕ್ಕೆ, ಬಲಕ್ಕೆ, ಎಡಕ್ಕೆ. ಪೆಲೂಸಿಗೆ ಇನ್ನೂ ಒಂದು ಜಾಸ್ತಿ, ನಿನ್ನ ಜೊತೆ ಬಾಳುತ್ತಿರುವುದಕ್ಕೆ.

ನಿನ್ನ ಕಾಗದವನ್ನು ಅಂಗಳದಲ್ಲಿ ಗಟ್ಟಿಯಾಗಿ ಓದಿದೆ. ಪಕ್ಕದ ಮನೆಯ ಎಫುಲಾನ್ಸಿ ಕಾಳು ಬಿಡಿಸುತ್ತಾ ಕೇಳುತ್ತಿದ್ದವಳು, “ಎರಡು ವರ್ಷ ಕೂತು ಒಂದು ಗೊರಕೆ ಕೇಳಿಸ್ಕೊಂಡ್ನಾ? ನನ್ ಮನೇಗೆ ಬರ್ಲಿ, ಒಂದೇ ರಾತ್ರೀಲಿ ಕೇಳಿಸ್ತೀನಿ” ಅಂದಳು. ನಿನ್ನ ಭಾವ ನಕ್ಕೂ ನಕ್ಕೂ ಬೆಂಚಿನಿಂದ ಬೀಳುವುದೊಂದು ಬಾಕಿ.

ನಾನು ಬರುತ್ತೇನೆ. ಈ ಬಯಲು ಸೀಮೆಗೆ ನಾವು ಜಮೀನು ಹುಡುಕಿಕೊಂಡು ಬಂದು ಇಷ್ಟು ಕಾಲವಾಯಿತು. ಇಲ್ಲಿ ಮಣ್ಣು ಒಳ್ಳೆಯದು, ನೆಲಕ್ಕೆ ಏನು ಹಾಕಿದರೂ ಬರುತ್ತದೆ. ಆದರೆ ಬೆಳಿಗ್ಗೆ ಎದ್ದರೆ ಮಂಜಿಲ್ಲ, ಗುಡ್ಡವಿಲ್ಲ. ಕಣ್ಣು ಎಲ್ಲಿಗೂ ತಗುಲುವುದಿಲ್ಲ, ಸುಮ್ಮನೆ ಹೋಗುತ್ತಲೇ ಇರುತ್ತದೆ. ದೇವರು ಆ ಗುಡ್ಡಗಳನ್ನು ಮಾಡುವಾಗ ಕೈಯಲ್ಲಿ ತೇವ ಇತ್ತು ಅನಿಸುತ್ತದೆ ನನಗೆ. ಆ ಪ್ರಾಣಿಗಳನ್ನೂ ಅವನೇ ಮಾಡಿದ್ದು. ಅವನು ಮಾಡಿದ್ದನ್ನು ನೋಡದೆ ಅವನ ಮುಂದೆ ಹೋಗಿ ನಿಂತರೆ ‘ನಿನ್ನ ಮನೆಯ ಹಿತ್ತಲಲ್ಲೇ ಇಟ್ಟಿದ್ದೆನಲ್ಲಾ’ ಎಂದು ಕೇಳುವುದಿಲ್ಲವೇ?

ಹೊಸ ಲಂಗ ಹೊಲಿಸುತ್ತಿದ್ದೇನೆ. ಯಜಮಾನನ ಮುಂದೆ ಹಳೆಯದರಲ್ಲಿ ನಿಲ್ಲಲೇ? ಅಡುಗೆಮನೆ ಹೊಗೆಗೆ ಒಂಚೂರು ಕೆಮ್ಮಿದೆ, ಅದು ಬಿಟ್ಟರೆ ನಿನಗಿಂತ ಜೋರಾಗಿ ಗುಡ್ಡ ಹತ್ತುತ್ತೇನೆ.

ಸಾರಾಯಿ ಅಂಗಡಿಗೆ ಹೋಗುವುದು ಕಡಿಮೆಯಾಗಿದೆಯೇ? ಕೇಳಲಿಲ್ಲ ಅಂದುಕೋ.

ಅಕ್ಕ ಕೆತುರಾ


ಕಾಶೇಕುರು
ಮಾರ್ಚ್ 17, 1996

ಅಕ್ಕಾ,

ಎಡ, ಬಲ, ಎಡ. ಕೇಳಲಿಲ್ಲ ಅಂದುಕೊಂಡಿದ್ದೇನೆ, ಹಾಗಾಗಿ ಉತ್ತರವೂ ಇಲ್ಲ.

ನಿನಗಾಗಿ ಮನೆಗೆ ಬಿಳಿಮಣ್ಣು ಬಳಿದಾಯಿತು. ಪೆಲೂಸಿ ಹೊಸ ಚಾಪೆ ಹೆಣೆಯುತ್ತಿದ್ದಾಳೆ. ನೀನು ಬರುವ ದಿನ ಜೋಳದ ಅಂಬಲಿ ಒಂದೇ ಸೋರೆಬುರುಡೆಯಲ್ಲಿ ತುಂಬಿಟ್ಟು, ಚಿಕ್ಕವರಿದ್ದಾಗಿನ ಹಾಗೆ ಇಬ್ಬರೂ ಒಟ್ಟಿಗೆ ಕುಡಿಯೋಣ. ನೀನು ಮೊದಲು, ನಾನು ಆಮೇಲೆ. ಆಗೆಲ್ಲ ನೀನೇ ಪೂರಾ ಕುಡಿದುಬಿಡುತ್ತಿದ್ದೆ.

ಗುಂಪಿನಲ್ಲಿ ಮರಿ ಹುಟ್ಟಿದೆ. ಅಂಗೈಗಿಂತ ತುಸು ದೊಡ್ಡದು. ಅಮ್ಮನ ಎದೆಯ ಕೂದಲಿಗೆ ಜೋತುಕೊಂಡು, ಲೋಕವೆಲ್ಲ ತನ್ನ ಸಾಲ ತೀರಿಸಬೇಕು ಅನ್ನುವ ಹಾಗೆ ಮುಖ ಗಂಟು ಹಾಕಿಕೊಂಡು ನೋಡುತ್ತದೆ. ನೋಡಿದ ಕೂಡಲೇ ಹೆಸರು ಹೊಳೆಯಿತು. ಕೆತುರಾ! ವಾರ್ಡನ್ ಪುಸ್ತಕದಲ್ಲಿ ಬರೆದುಕೊಂಡೂ ಆಯಿತು. ಈಗ ಅಳಿಸಲಾಗುವುದಿಲ್ಲ.

ಒಂದು ಮುದುಕಿಯೂ ಇದೆ, ಗೊಣಗಜ್ಜಿ ಅನ್ನುತ್ತೇವೆ. ಒಂದು ಕಾಲು ಸೊಟ್ಟ. ಎಂದೋ ಉರುಳಿಗೆ ಸಿಕ್ಕಿದ್ದಿರಬೇಕು. ಎಲ್ಲರಿಗಿಂತ ಹಿಂದೆ ಬರುತ್ತದೆ, ಬಂದು ಎಲ್ಲರನ್ನೂ ಬಯ್ಯುತ್ತದೆ.

ಮರಿ ಇರುವುದರಿಂದ ಕಟ್ಟುನಿಟ್ಟು ಜಾಸ್ತಿಯಾಗಿದೆ. ಎನೋಕನ ಮಗನಿಗೆ ಕೆಮ್ಮು ಬಂತು ಎಂದು ಎನೋಕನನ್ನೇ ಹತ್ತಿರ ಬಿಡಲಿಲ್ಲ. ‘ನನಗೇನೂ ಆಗಿಲ್ಲ ಸ್ವಾಮಿ’ ಅಂದ. ‘ನಿನ್ನ ಮಗು ನಿನ್ನನ್ನು ತಬ್ಬಿಕೊಳ್ಳುತ್ತದಲ್ಲ’ ಅಂದರು. ಅಂಥವರು ಮೇಲಿನ ದಾರಿಯಲ್ಲಿ ನಿಲ್ಲಬೇಕು. ಅಲ್ಲಿಂದ ಏನೂ ಕಾಣುವುದಿಲ್ಲ, ಸದ್ದು ಕೇಳುತ್ತದೆ ಅಷ್ಟೇ. ಮನುಷ್ಯರ ಎದೆರೋಗ ಅವಕ್ಕೆ ತಗುಲಿದರೆ ಒಂದೂ ಉಳಿಯುವುದಿಲ್ಲವಂತೆ. ಇಡೀ ಭೂಮಿಯ ಮೇಲೆ ಉಳಿದಿರುವುದೇ ಕೆಲವು ನೂರು ಅನ್ನುತ್ತಾರೆ.

ಬೇಗ ಬಾ. ನಿನ್ನ ಹೆಸರಿನವಳು ದೊಡ್ಡವಳಾಗಿಬಿಡುತ್ತಾಳೆ.

ಯೋವಾಸಿ


ಕಗಾಡಿ
ಏಪ್ರಿಲ್ 21, 1996

ಯೋವಾಸಿಗೆ,

ನಿನ್ನ ಕಾಗದ ತಲುಪಿತು. ಜೂನ್‌ನಲ್ಲಿ ನನಗೆ ಬರಲಾಗುವುದಿಲ್ಲ. ಬೀನ್ಸ್ ಕೀಳುವ ಕಾಲ. ಸಭೆಯ ಹೆಂಗಸರ ಕೂಟವೂ ನನ್ನ ತಲೆಯ ಮೇಲಿದೆ.

ನನ್ನ ಹೆಸರನ್ನು ಬೇರೆ ಯಾರಿಗಾದರೂ ಬಿಟ್ಟುಕೊಡು.

ಬೆಳೆ ಬಂದ ಮೇಲೆ ಇಲ್ಲಿಗೆ ಬರುತ್ತೇನೆ ಎಂದು ಹೋದ ವರ್ಷ ನೀನು ಹೇಳಿದ್ದೆ. ಬರಬೇಡ. ಮನೆ ರಿಪೇರಿ ಇದೆ, ಜಾಗವಿಲ್ಲ. ಪೆಲೂಸಿಯನ್ನೂ ಕಳಿಸಬೇಡ.

ದೀಕ್ಷಾಸ್ನಾನದಲ್ಲಿ ಕೊಟ್ಟ ಹೆಸರನ್ನು ಕಾಡುಮರಿಗೆ ಇಡುವುದು ಸರಿಯಲ್ಲ. ಇಟ್ಟಾಯಿತು ಅಂದೆಯಲ್ಲ, ಇರಲಿ.

ದೇವರು ಕಾಪಾಡಲಿ.

ಕೆತುರಾ


ಕಾಶೇಕುರು
ಮೇ 12, 1996

ಅಕ್ಕಾ,

ನಿನ್ನ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದೆ. ಅಪ್ಪುಗೆ ಎಲ್ಲೂ ಇರಲಿಲ್ಲ. ಹಿಂಭಾಗದಲ್ಲಿ ಬರೆದಿದ್ದೀಯೇನೋ ಎಂದು ನೋಡಿದೆ. ಅಲ್ಲೂ ಇಲ್ಲ.

ನಮ್ಮ ಸೀಮೆಯಲ್ಲಿ ಹಗೆಯವನು ಬಾಗಿಲಿಗೆ ಬಂದರೂ ಮೊದಲು ತಬ್ಬಿಕೊಂಡು ಆಮೇಲೆ ಜಗಳ ತೆಗೆಯುತ್ತಾರೆ. ನೀನು ನನಗೆ ಅದನ್ನೂ ಕೊಡಲಿಲ್ಲ.

ಪೆಲೂಸಿ ಅಂದಳು, “ಹೆಸರು ಇಟ್ಟಿದ್ದಕ್ಕೇ ಕೋಪ. ನಿಮ್ಗೆ ತಮಾಷೆ ಎಲ್ಲಿ ನಿಲ್ಸಬೇಕು ಅಂತ ಗೊತ್ತಾಗಲ್ಲ.” ಅದೇ ಆಗಿದ್ದರೆ ನೀನು ಬಯ್ದು ಮುಗಿಸುತ್ತಿದ್ದೆ. ಇದು ಬೇರೆ. ನನಗೆ ಗೊತ್ತು, ಕುಡಿತದ ವಿಷಯ. ನಿಮ್ಮ ಸಭೆಯಲ್ಲಿ ರಕ್ಷಣೆ ಹೊಂದಿದವರು ಕುಡಿಯುವವರ ಮನೆಯಲ್ಲಿ ಕೈ ತೊಳೆಯುವುದಿಲ್ಲವಂತೆ, ಅವರನ್ನು ಒಳಗೂ ಬಿಡುವುದಿಲ್ಲವಂತೆ. ಇಲ್ಲಿಂದ ಹೋದ ಯಾರೋ ಚಾಡಿ ಹೇಳಿದ್ದಾರೆ. ಈಸ್ಟರ್ ದಿನ ಎನೋಕನ ಮನೆಯಲ್ಲಿ ಜೋಳದ ಹೆಂಡ ಕುಡಿದು ಬೇಲಿಗೆ ಗುಡ್‌ನೈಟ್ ಹೇಳಿದ್ದು ನಿಜ. ಒಪ್ಪಿಕೊಳ್ಳುತ್ತೇನೆ. ಅಷ್ಟಕ್ಕೇ ಬಾಗಿಲು ಹಾಕುವುದಾ?

ಜೂನ್ ಕೊನೆಗೆ ರಜೆ ಸಿಗುತ್ತದೆ, ಬರುತ್ತೇನೆ. ಎದುರೆದುರು ಬಯ್ಯಿ.

ಯೋವಾಸಿ


ಕಗಾಡಿ
ಮೇ 30, 1996

ಯೋವಾಸಿಗೆ,

ಬರಬೇಡ ಅಂದರೆ ಬರಬೇಡ. ಬಂದರೆ ಬಾಗಿಲು ತೆಗೆಯುವುದಿಲ್ಲ, ಅದನ್ನು ನೋಡಿಕೊಂಡು ಹೋಗಲು ಎರಡು ದಿನ ಬಸ್ಸಿನಲ್ಲಿ ಕೂರಬೇಡ. ನಾನು ಹಟ ಮಾಡಿದರೆ ಹೇಗೆ ಅನ್ನುವುದು ನಿನಗೆ ಗೊತ್ತು.

ಆ ಮರಿ ಹಾಲು ಕುಡಿಯುತ್ತಿದೆಯೇ? ಅಮ್ಮನ ಬೆನ್ನೇರಲು ಶುರು ಮಾಡಿದೆಯೇ? ಮಳೆಯಲ್ಲಿ ಅದನ್ನು ಹೇಗೆ ಬೆಚ್ಚಗಿಡುತ್ತಾಳೆ ತಾಯಿ? ಕೇಳಿದೆ ಅಷ್ಟೇ.

ಕೆತುರಾ


ಕಾಶೇಕುರು
ಜುಲೈ 3, 1996

ಅಕ್ಕಾ,

ಕುಡಿತ ಬಿಟ್ಟೆ. ನಿಜ. ಮನೆಯಲ್ಲಿದ್ದ ಗಡಿಗೆಯನ್ನು ತಿಪ್ಪೆಗೆ ಸುರಿದೆ. ಕೋಳಿಗಳು ತಿಂದು ಸಂಜೆಯವರೆಗೂ ಅಡ್ಡಾದಿಡ್ಡಿ ಓಡಾಡಿದವು, ಪೆಲೂಸಿ ಅವನ್ನು ನೋಡಿ, “ನೋಡಿ, ನೀವು ಮನೇಗೆ ಬರೋದು ಹಿಂಗೇನೆ” ಅಂದಳು. ಎನೋಕ ನನ್ನ ಜೊತೆ ಮಾತು ಬಿಟ್ಟಿದ್ದಾನೆ, ಒಬ್ಬನೇ ಕುಡಿಯಲು ಬೇಜಾರಂತೆ. ಪಾಸ್ಟರ್ ಹತ್ತಿರ ಹೋಗಿ ಪ್ರಾರ್ಥನೆಯನ್ನೂ ಮಾಡಿಸಿಕೊಂಡೆ.

ಮರಿ ಬೆನ್ನೇರಿದೆ. ಮಳೆ ಬಂದರೆ ತಾಯಿ ಎರಡೂ ತೋಳು ಕಟ್ಟಿ, ಬಗ್ಗಿ, ತಾನೇ ಸೂರಾಗಿ ಕೂರುತ್ತಾಳೆ. ನೀರು ಅವಳ ಬೆನ್ನಿನಿಂದ ಇಳಿದುಹೋಗುತ್ತದೆ, ಒಳಗೆ ಮರಿ ಒಣಗಿರುತ್ತದೆ. ನೀನು ನನ್ನನ್ನು ಹಾಗೇ ಹೊತ್ತಿದ್ದೆ.

ನಿನ್ನ ಜಾಗ ಯಾರಿಗೂ ಕೊಟ್ಟಿಲ್ಲ. ವಾರ್ಡನ್ ಕೇಳಿದರು, ‘ಬಂದೇ ಬರ್ತಾರೆ ಸ್ವಾಮಿ’ ಅಂದೆ.

ಈಗಲಾದರೂ ಒಂದು ಅಪ್ಪುಗೆ ಕಳಿಸು. ಎಡಕ್ಕೊಂದು ಸಾಕು.

ಯೋವಾಸಿ


ಕಾಶೇಕುರು
ಆಗಸ್ಟ್ 25, 1996

ಅಕ್ಕಾ,

ನೀನು ಉತ್ತರ ಬರೆಯಲಿಲ್ಲ. ನಾನೂ ಬರೆಯಬಾರದು ಎಂದುಕೊಂಡಿದ್ದೆ. ಆದರೆ ಈ ವಾರ ಕಾಡಿನಲ್ಲಿ ಒಂದನ್ನು ಕಂಡೆ.

ಗೊಣಗಜ್ಜಿಯ ಸೊಟ್ಟ ಕಾಲು ಊದಿಕೊಂಡಿತ್ತು. ಗುಂಪು ತುರುಚಿ ಗಿಡಗಳ ಇಳಿಜಾರಿಗೆ ಹೋಯಿತು, ಅವಳು ಹೋಗಲಿಲ್ಲ. ಒಂದು ಮರದ ಬುಡದಲ್ಲಿ ಕೂತಳು. ಚಿಕ್ಕವು ಆಡಲು ಹತ್ತಿರ ಹೋದರೆ ಹಲ್ಲು ತೋರಿಸಿ ಅಟ್ಟಿದಳು. ಅಷ್ಟು ಕೆಟ್ಟದಾಗಿ ಬಯ್ದದ್ದನ್ನು ನಾನು ಕೇಳಿರಲಿಲ್ಲ. “ಮುದುಕೀಗೆ ತಲೆ ಕೆಟ್ಟಿದೆ” ಅಂದ ಎನೋಕ. ಆದರೆ ಯಜಮಾನ ಮುಂದೆ ಹೋಗಲಿಲ್ಲ, ಅಕ್ಕಾ. ಅವಳ ಹತ್ತಿರವೂ ಬರಲಿಲ್ಲ. ಒಂದಷ್ಟು ದೂರದಲ್ಲಿ ಅವಳಿಗೆ ಬೆನ್ನು ಹಾಕಿ ಕೂತು, ದಂಟು ಸುಲಿದು ತಿನ್ನುತ್ತಾ ಇದ್ದುಬಿಟ್ಟ. ಮರುದಿನವೂ ಅಲ್ಲೇ. ಅವನು ಏಳಲಿಲ್ಲ ಅಂದಮೇಲೆ ಗುಂಪೂ ಕದಲಲಿಲ್ಲ.

ಅಲ್ಲಿ ಕೂತಿದ್ದಾಗ ನಿನ್ನ ಕಾಗದ ನೆನಪಾಯಿತು. ಬರಬೇಡ, ಬಾಗಿಲು ತೆಗೆಯಲ್ಲ ಎಂದು ಬಯ್ದವಳು ಅದೇ ಕಾಗದದಲ್ಲಿ ಮರಿ ಬೆಚ್ಚಗಿದೆಯಾ ಎಂದು ಕೇಳಿದ್ದೆ. ಸಿಟ್ಟಿನವರು ಹಾಗೆ ಕೇಳುವುದಿಲ್ಲ. ನಾನೊಬ್ಬ ದಡ್ಡ. ಪ್ರಾಣಿಗಳ ಮುಖ ಓದುವುದಕ್ಕೆ ಸಂಬಳ ತೆಗೆದುಕೊಳ್ಳುತ್ತೇನೆ.

ಒಂದೇ ಮಾತು ಕೇಳುತ್ತೇನೆ. ಆ ಕೆಮ್ಮು ಹೋಯಿತಾ?

ಯೋವಾಸಿ


ಕಗಾಡಿ
ಸೆಪ್ಟೆಂಬರ್ 10, 1996

ಯೋವಾಸಿ,

ಹೋಗಿರಲಿಲ್ಲ. ಈಗ ಹೋಗುತ್ತಿದೆ.

ಹೊಗೆಯ ಕೆಮ್ಮಲ್ಲ ಅದು. ಮಾರ್ಚ್ ಕೊನೆಗೆ ಕಫದಲ್ಲಿ ಕೆಂಪು ಕಂಡಿತು. ಮಿಷನ್ ದವಾಖಾನೆಯ ಸಿಸ್ಟರ್ ಪರೀಕ್ಷೆ ಮಾಡಿ ಕ್ಷಯ ಅಂದರು. ವರ್ಷದ ಕೊನೆಯವರೆಗೂ ಮಾತ್ರೆ. ಈಗಿನ ಕಾಲದಲ್ಲಿ ಹೆಂಗಸು ಕೆಮ್ಮಿ ತೆಳ್ಳಗಾದರೆ ಜನ ಬೇರೆಯದೇ ಹೆಸರು ಇಡುತ್ತಾರೆ, ನಿನಗೆ ಗೊತ್ತು. ಅದೂ ಅಲ್ಲ ಎಂದು ನೋಡಿ ಹೇಳಿದರು. ಆದರೂ ಜನರ ಬಾಯಿಗೆ ಹೆದರಿ ಭಾವನಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಎಫುಲಾನ್ಸಿಗೆ ಗೊತ್ತಾಗಿಬಿಟ್ಟಿತು. ಅವಳಿಗೆ ಗೊತ್ತಾಗದಿರಲು ಸತ್ತು ಮಣ್ಣಾಗಬೇಕು, ಆಗಲೂ ಬಂದು ವಿಚಾರಿಸುತ್ತಾಳೆ.

ದವಾಖಾನೆಯಿಂದ ಬಂದ ವಾರವೇ ನಿನ್ನ ಮಾರ್ಚ್ ಕಾಗದ ಬಂತು. ಒಂದೇ ಬುರುಡೆಯಲ್ಲಿ ಅಂಬಲಿ ಕುಡಿಯೋಣ ಎಂದು ಬರೆದಿದ್ದೆ. ಅದರ ಕೆಳಗೇ, ಎದೆರೋಗ ತಗುಲಿದರೆ ಒಂದೂ ಉಳಿಯುವುದಿಲ್ಲ ಎಂದೂ ಬರೆದಿದ್ದೆ. ಆ ಕಾಗದ ಹಿಡಿದುಕೊಂಡು ಬೆಂಚಿನ ಮೇಲೆ ಕೂತೆ. ಭಾವ, “ಏನಂತೆ?” ಅಂದರು. “ಮರಿ ಹುಟ್ಟಿದೆಯಂತೆ” ಅಂದೆ.

ನಾನು ಕಾಡಿಗೆ ಬರಬಾರದು, ಸರಿ. ಆದರೆ ನಿನ್ನ ಮನೆಗೂ ಬರಬಾರದು, ನೀನು ಇಲ್ಲಿಗೂ ಬರಬಾರದು. ಬಂದರೆ ನೀನು ತಬ್ಬಿಕೊಳ್ಳುತ್ತೀಯ. ಬೇಡ ಅಂದರೂ ಕೇಳುವುದಿಲ್ಲ. ನಾನೂ ಬೇಡ ಅನ್ನುತ್ತೇನೆ ಎಂಬ ಧೈರ್ಯ ನನಗಿರಲಿಲ್ಲ. ನಿಜ ತಿಳಿಸಿದ್ದರೆ ನೀನು ಆ ದಿನವೇ ಬಸ್ಸು ಹತ್ತುತ್ತಿದ್ದೆ. ಆಮೇಲೆ ನನ್ನ ರೋಗವನ್ನು ಹೊತ್ತುಕೊಂಡು ಆ ಮರಿಯ ಮುಂದೆ ಹೋಗಿ ಕೂರುತ್ತಿದ್ದೆ. ಎರಡು ವರ್ಷ ನೀನು ಮಳೆಯಲ್ಲಿ ಕೂತು ಸಂಪಾದಿಸಿದ ನಂಬಿಕೆಯನ್ನು ನನ್ನ ಒಂದು ಅಪ್ಪುಗೆ ತಿಂದುಬಿಡಬಾರದು. ದೇವರ ಮುಂದೆ ಅದಕ್ಕೆ ನಾನು ಏನೆಂದು ಉತ್ತರ ಕೊಡಲಿ?

ಅದಕ್ಕೇ ಅಪ್ಪುಗೆಯನ್ನು ಕಾಗದದಲ್ಲೂ ಬರೆಯಲಿಲ್ಲ. ಕಾಗದಕ್ಕೆ ರೋಗ ಅಂಟುವುದಿಲ್ಲ, ಗೊತ್ತು. ಬರೆದರೆ ಮನಸ್ಸು ಸಡಿಲವಾಗಿಬಿಡುತ್ತಿತ್ತು.

ನೀನು ಕುಡಿತ ಬಿಟ್ಟಿದ್ದೀಯ ಎಂದು ಓದಿ ಒಂದು ದಿನ ಪೂರಾ ಅತ್ತೆ, ಒಂದು ದಿನ ಪೂರಾ ನಕ್ಕೆ. ನಾನು ಕೇಳಿರಲಿಲ್ಲ, ದೇವರು ಕೊಟ್ಟ. ಮತ್ತೆ ಹಿಡಿಯಬೇಡ.

ಗೊಣಗಜ್ಜಿಯ ಕಾಲು ಹೇಗಿದೆ?

ಅಕ್ಕ


ಕಗಾಡಿ
ಅಕ್ಟೋಬರ್ 20, 1996

ನನ್ನ ಹುಚ್ಚು ತಮ್ಮಾ,

ನೀನು ಊರು ತಲುಪಿದೆ ಎಂದು ಬಸ್ಸಿನವನು ಹೇಳಿದ. ಸ್ತೋತ್ರ.

ನೀನು ಬರುತ್ತೀಯ ಎಂದು ಗೊತ್ತಿತ್ತು. ಹಾಗೆ ಬರುತ್ತೀಯ ಎಂದು ಗೊತ್ತಿರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದಾಚೆ ಹಲಸಿನ ಮರದಡಿ ನಮಗೆ ಬೆನ್ನು ಹಾಕಿ ಒಬ್ಬ ಕೂತಿದ್ದಾನೆ, ಕಬ್ಬು ಅಗಿಯುತ್ತಿದ್ದಾನೆ. ಬೆನ್ನು ನೋಡಿಯೇ ಗುರುತು ಹಿಡಿದೆ. ಹೊತ್ತವಳಿಗೆ ಬೆನ್ನು ಗೊತ್ತಿರುವುದಿಲ್ಲ ಎನ್ನುತ್ತಾರೆ, ಸುಳ್ಳು.

ನೀನು ಹೋದ ಮೇಲೆ ಎಫುಲಾನ್ಸಿ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ. ಅವಳ ಬಾಯಲ್ಲಿ ಈಗ ಇದು ಹೀಗಿದೆ:

“ನಾನ್ ಕೇಳ್ದೆ, ಅಯ್ಯಾ, ಯಾರ್ ನೀನು, ಅಲ್ಯಾಕ್ ಕೂತಿದ್ದೀಯ ಅಂತ. ‘ಅಕ್ಕನ ನೋಡಕ್ ಬಂದೆ’ ಅಂದ. ಅಕ್ಕ ಅಲ್ಲಿದ್ದಾಳೆ, ನೀನ್ ನನ್ನ ನೋಡ್ತಾ ಇದೀಯಲ್ಲ ಅಂದೆ. ‘ನೋಡೋದು ಹಿಂಗೇ’ ಅಂದ. ಕೆತುರಾ, ನಿನ್ ತಮ್ಮಂಗೆ ಬುದ್ಧಿ ಸರಿಯಿದೆಯೇನೇ? ಮಧ್ಯಾಹ್ನ ಇಷ್ಟ್ ಮುಂದೆ ಸರ್ದ. ಸಂಜೆ ಇನ್ನಷ್ಟ್ ಸರ್ದ. ಬಾಳೆಗಿಡದ್ ಹತ್ರ ಬಂದು ನಿಂತ್ಬಿಟ್ಟ, ಅಲ್ಲಿಂದ ಈಚೆ ಬರಲ್ಲ ಅಂದ. ಕಾಡಿನ್ ಕಾನೂನಂತೆ. ಊಟದ್ ತಟ್ಟೆ ಅಲ್ಲೇ ಇಡು ಅಂದ, ಸ್ವಂತ ಲೋಟ ತಂದಿದ್ದ!”

ನಾನು ಬಾಗಿಲ ಮೆಟ್ಟಿಲ ಮೇಲೆ, ನೀನು ಬಾಳೆಗಿಡದ ಬುಡದಲ್ಲಿ. ಎಷ್ಟು ಮಾತಾಡಿದೆವು! ತಬ್ಬಿಕೊಂಡಿದ್ದರೆ ಅಷ್ಟು ಮಾತು ಬರುತ್ತಿರಲಿಲ್ಲವೇನೋ. ನಾನು ಅತ್ತಾಗ ನೀನು ಓಡಿ ಬರಲಿಲ್ಲ. ತಲೆ ತಗ್ಗಿಸಿ ಕಬ್ಬು ಸುಲಿಯುತ್ತಾ ಕೂತೆ. ನಾನು ಅತ್ತು ಮುಗಿಸುವವರೆಗೂ ಸುಲಿದೆ. ಆಗ ಗೊತ್ತಾಯಿತು ನನಗೆ, ಆ ಯಜಮಾನ ನಿಮ್ಮ ಮುಂದೆ ಯಾಕೆ ನಿದ್ದೆ ಹೋದ ಎಂದು.

ಇನ್ನು ಯಾರಿಗೂ ಅಂಟುವುದಿಲ್ಲ ಎಂದು ಸಿಸ್ಟರ್ ಎಂದೋ ಹೇಳಿದ್ದರು. “ಗೊರಿಲ್ಲಾಗಳಿಗೂ ಅಂಟಲ್ಲ ಅಂತ ಬರ್ದು ಕೊಡಿ” ಅಂದೆ. “ಅಮ್ಮಾ, ನಾನು ಮನುಷ್ಯರ ನರ್ಸು” ಅಂದರು. ಹಾಗಾಗಿ ಮಾತ್ರೆ ಮುಗಿಯುವವರೆಗೂ ನನ್ನ ಹಟ ನನ್ನದು. ಬೈಬಲ್ಲಿನಲ್ಲಿ ರೋಗ ಬಂದು ಪಾಳೆಯದ ಹೊರಗಿದ್ದವರನ್ನೂ ಯಾಜಕನು ಬಂದು ನೋಡಿ, ಶುದ್ಧ ಅಂದ ಮೇಲೇ ಒಳಗೆ ಕರೆಯುತ್ತಿದ್ದುದು.

ನೀನು ಬಿಟ್ಟುಹೋದ ಜೇನು ತಿನ್ನುತ್ತಿದ್ದೇನೆ. ಕಾಡಿನದಲ್ಲ ತಾನೇ?

ಅಕ್ಕ


ಕಾಶೇಕುರು
ಜನವರಿ 19, 1997

ಅಕ್ಕಾ,

ಜೇನು ನನ್ನ ಹಿತ್ತಲಿನದು. ಕಾಡಿನದು ಮುಟ್ಟಿದರೆ ಕೆಲಸ ಹೋಗುತ್ತದೆ, ನನ್ನನ್ನು ಕಳ್ಳ ಅನ್ನಬೇಡ.

ನಿನ್ನ ದವಾಖಾನೆಯ ಚೀಟಿಯನ್ನು ವಾರ್ಡನ್‌ಗೆ ತೋರಿಸಿದೆ. ರೋಗ ಪೂರ್ತಿ ಹೋಗಿದೆ ಎಂದು ಓದಿ ಅವರೂ ಅವರ ಡಾಕ್ಟರೂ ಒಪ್ಪಿದರು. ಹೋದ ವರ್ಷದ ಜಾಗ ಹಾಗೇ ಇದೆ. ಜೂನ್‌ನಲ್ಲಿ ಬಾ. ಗೊಣಗಜ್ಜಿಯ ಕಾಲು ಇಳಿದಿದೆ, ಬಾಯಿ ಇಳಿದಿಲ್ಲ. ನಿನ್ನ ಹೆಸರಿನವಳು ಈಗ ಯಜಮಾನನ ಬೆನ್ನ ಮೇಲೆ ಹತ್ತಿ ಜಾರುತ್ತಾಳೆ, ಅವನು ಸುಮ್ಮನಿರುತ್ತಾನೆ.

ಈ ಸಲ ಬಾಳೆಗಿಡದ ಹತ್ತಿರ ನಿಲ್ಲುವುದಿಲ್ಲ. ಬಸ್ಸಿನ ಬಾಗಿಲಿಗೇ ಬರುತ್ತೇನೆ.

ಯೋವಾಸಿ


ಕಗಾಡಿ
ಜೂನ್ 29, 1997

ಯೋವಾಸಿ,

ಸುಖವಾಗಿ ತಲುಪಿದೆ. ಪೆಲೂಸಿಯ ಚಾಪೆಯನ್ನು ನೆಲಕ್ಕೆ ಹಾಸಲು ಮನಸ್ಸಾಗದೆ ಗೋಡೆಗೆ ತೂಗುಹಾಕಿದ್ದೇನೆ.

ಬಸ್ಸು ಹತ್ತಿಸುವಾಗ ನೀನು ಮುಖ ಸಪ್ಪಗೆ ಮಾಡಿಕೊಂಡು, “ಅಕ್ಕಾ, ಅಷ್ಟ್ ದೂರ ಬಂದು ನೋಡ್ದೆ ಹೋಗ್ತಾ ಇದೀಯಲ್ಲ” ಅಂದೆ. ಅದು ನಿನ್ನ ಎದೆಯಲ್ಲಿ ಮುಳ್ಳಾಗಿ ಉಳಿಯಬಾರದು ಎಂದು ಬಂದ ಕೂಡಲೇ ಬರೆಯುತ್ತಿದ್ದೇನೆ.

ತಪ್ಪು ಯಾರದೂ ಅಲ್ಲ. ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸಿನ ಮಗು ಅಳುತ್ತಿತ್ತು, ಮೂಗು ಸೋರುತ್ತಿತ್ತು. ಅವಳ ಕೈಯಲ್ಲಿ ಇನ್ನೊಂದಿತ್ತು. ಅಳುವ ಮಗುವನ್ನು ತೊಡೆಗೆ ಹಾಕಿಕೊಳ್ಳದೆ ಕೂರಲು ನನ್ನಿಂದ ಆಗುತ್ತದೆಯೇ? ನಿನ್ನ ಕಾಡಿನ ಕಾನೂನು ಆಗ ನೆನಪಿಗೇ ಬರಲಿಲ್ಲ. ನೀನು ಬಸ್ಸಿನ ಬಾಗಿಲಲ್ಲಿ ತಬ್ಬಿಕೊಂಡೆ, ಎಡ, ಬಲ, ಎಡ, ಆಮೇಲೆ ಲೆಕ್ಕ ಬಿಟ್ಟೆ. ಡ್ರೈವರ್ ಹಾರ್ನ್ ಹೊಡೆದ. ಒಂದೇ ಬುರುಡೆಯಲ್ಲಿ ಅಂಬಲಿಯೂ ಆಯಿತು. ಎರಡು ದಿನ ಬಿಟ್ಟು ಕಾಡಿನ ಗೇಟಿನಲ್ಲಿ ಹೊಸ ಲಂಗ ಉಟ್ಟು ನಿಂತರೆ ಗಂಟಲು ಕೆರೆಯಿತು, ಸೀನು ಬಂತು.

ಗೇಟಿನ ಹುಡುಗಿಯೊಬ್ಬಳನ್ನು ಬಿಟ್ಟರೆ ಯಾರೂ ನೋಡಿರಲಿಲ್ಲ. ಅವಳು ಕೂಡ, “ಧೂಳು ಅಮ್ಮಾ, ಹೋಗಿ, ಒಂದು ವರ್ಷದಿಂದ ಕಾದಿದ್ದೀರಂತೆ” ಅಂದಳು. ಧೂಳಿನ ಸೀನು ಯಾವುದು, ನೆಗಡಿಯದು ಯಾವುದು ಎಂದು ನನ್ನ ಮೂಗಿಗೆ ಗೊತ್ತಿಲ್ಲವೇ? “ನಾನು ಒಳಗೆ ಬರಲ್ಲ ತಾಯಿ, ನೆಗಡಿ” ಅಂದೆ. ನಿನ್ನ ಮುಖ ಬಾಡಿಹೋಯಿತು. ಆಮೇಲೆ ವಾರ್ಡನ್ ನಿನ್ನ ಕಡೆ ತಿರುಗಿ, “ನೀನೂ ಅಂಬ್ಲಿ ಕುಡ್ದಿದ್ದೀಯಲ್ಲಪ್ಪ” ಅಂದಾಗ ನನಗೆ ನಗು ತಡೆಯಲಾಗಲಿಲ್ಲ.

ಮೇಲಿನ ದಾರಿ ನಿನಗೆ ಶಿಕ್ಷೆ ಅನಿಸಿತು. ನನಗೆ ಅನಿಸಿದ್ದನ್ನು ಹೇಳುತ್ತೇನೆ, ಕೇಳು.

ಇಬ್ಬರೂ ಒಂದು ಬಿದ್ದ ಮರದ ಮೇಲೆ ಕೂತೆವು. ಕೆಳಗೆಲ್ಲ ಮಂಜು, ಮರದ ತಲೆಗಳು. ನೀನು ತಲೆ ಮೇಲೆತ್ತಲಿಲ್ಲ. ಆಗ ಒಳಗಿನಿಂದ ಬಂತು: ಪೊಕ್ ಪೊಕ್ ಪೊಕ್. ಅದೇ, ಒಂದಿಷ್ಟೂ ಬದಲಾಗಿಲ್ಲ. ನಾನು ಹುಡುಗಿಯಾಗಿದ್ದಾಗ ನಿನ್ನ ಕಿವಿ ಮುಚ್ಚಿದ್ದೆನಲ್ಲ, ಆಗ ನನಗೂ ಹೆದರಿಕೆಯಿತ್ತು, ನಿನಗೆ ಹೇಳಿರಲಿಲ್ಲ. ನಿನ್ನದನ್ನು ಮುಚ್ಚಲು ಎರಡೂ ಕೈ ಬೇಕಾಗಿದ್ದರಿಂದ ನನ್ನದನ್ನು ಮುಚ್ಚಿಕೊಳ್ಳಲಾಗುತ್ತಿರಲಿಲ್ಲ. ಈ ಸಲ ಹೆದರಿಕೆಯಾಗಲಿಲ್ಲ. ಆ ಗುಂಪಿನವರು ಗಟ್ಟಿಯಾಗಿದ್ದಾರೆ, ಎದೆ ತುಂಬ ಉಸಿರಿದೆ ಅನಿಸಿತು. ನನ್ನ ಎದೆಯಲ್ಲೂ ಇತ್ತು. ಕಣ್ಣು ಮುಚ್ಚಿ ಸ್ತೋತ್ರ ಹೇಳಿದೆ.

ಕಣ್ಣು ತೆಗೆದರೆ ನೀನು ಅಳುತ್ತಿದ್ದೆ. ಗಡ್ಡ ಬೆಳ್ಳಗಾಗುತ್ತಿರುವ ಗಂಡಸು. ಈ ಸಲ ಹುಳವೂ ಬಿದ್ದಿರಲಿಲ್ಲ. ಹೇಗಿದ್ದರೂ ನಿನಗೆ ನನ್ನ ನೆಗಡಿ ತಗುಲಿಯಾಗಿತ್ತು, ಇನ್ನು ದೂರ ಕೂರುವುದಕ್ಕೆ ಕಾರಣವಿರಲಿಲ್ಲ. ಹತ್ತಿರ ಸರಿದು ಎರಡೂ ಕೈಯಿಂದ ನಿನ್ನ ಕಿವಿ ಮುಚ್ಚಿದೆ.

“ಅಳ್ಬೇಡ ಕಣೋ, ಅಜ್ಜಿ ಕಡಲೆಕಾಯಿ ಕುಟ್ತಾ ಇದ್ದಾಳೆ” ಅಂದೆ.

“ಕೈ ತೆಗಿ ಅಕ್ಕಾ, ಕೇಳಿಸ್ಕೋಬೇಕು” ಅಂದೆ ನೀನು.

ಎಡಕ್ಕೆ, ಬಲಕ್ಕೆ, ಎಡಕ್ಕೆ.

ಕೆತುರಾ, ದೊಡ್ಡವಳು